ಗುಜ್ಜು ಎಂಬ ಶಬ್ದದ ತರ್ಜುಮೆ

ಕೊಲೆಯ ಆರೋಪ ಹೊತ್ತ ಬಡಗಿಯೊಬ್ಬನನ್ನು ಪೊಲೀಸರು ನಮ್ಮ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಿದ ದಿನ ನಾನು ಮಾಡಿದ ತಪ್ಪು ಒಂದೇ ಒಂದು ಶಬ್ದದ್ದು. ಅದನ್ನು ತಿದ್ದಲು ಹತ್ತು ತಿಂಗಳು ಹಿಡಿಯಿತು. ಆ ಹತ್ತು ತಿಂಗಳೂ ಅವನು ಜೈಲಿನಲ್ಲಿದ್ದ.

ಆಗ ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಸರಕು ಸಾಗಿಸುವ ಹಾಯಿದೋಣಿಗಳಿಗೆ, ಅಂದರೆ ನಮ್ಮ ಕಡೆಯ ಮಂಜಿಗಳಿಗೆ, ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಕುಂದಾಪುರದ ಹೊಳೆಯ ಆಚೆ ದಡದಲ್ಲಿ ಮಂಜಿ ಕಟ್ಟುವ ಒಂದು ಜಾಗದಲ್ಲಿ, ಮಳೆಗಾಲ ಮುಗಿಯುತ್ತಿದ್ದಂತೆ, ಕಟ್ಟಿ ನಿಲ್ಲಿಸಿದ್ದ ಮಂಜಿಯೊಂದು ಪಕ್ಕಕ್ಕೆ ವಾಲಿ ಅದರ ಅಡಿಯಲ್ಲಿದ್ದ ಒಬ್ಬ ಸತ್ತ. ಅವನ ತಲೆ ಒಡೆದಿತ್ತು. ಸತ್ತವನು ಮೂವತ್ತರ ಗಂಡಸು, ಎತ್ತರ ಮಾತ್ರ ಹತ್ತು ವರ್ಷದ ಹುಡುಗನಷ್ಟು. ಮಂಜಿಯ ಹೊಟ್ಟೆಯ ಅಡಿಗೆ ಬೇರೆ ಯಾರಿಗೂ ನುಗ್ಗಲು ಆಗದ ಕಡೆ ಅವನು ನುಗ್ಗುತ್ತಿದ್ದ. ಹಲಗೆಗಳ ಸಂದಿಗೆ ಹತ್ತಿ ತುರುಕಿ ಎಣ್ಣೆಯಲ್ಲಿ ಕಲಸಿದ ರಾಳ ಮೆತ್ತುವುದು ಅವನ ಕೆಲಸ. ಪೊಲೀಸರ ಕಾಗದದಲ್ಲಿ ಅವನ ಹೆಸರು ‘ಗೋವಿಂದ ಯಾನೆ ಗುಜ್ಜ’ ಎಂದಿತ್ತು. ಗುಜ್ಜ ಎಂದರೆ ಕುಳ್ಳ.

ಅಲ್ಲಿನ ಮೇಸ್ತ್ರಿ ಕೊಟ್ಟ ಹೇಳಿಕೆಯ ಪ್ರಕಾರ, ಹಿಂದಿನ ದಿನ ಆ ಬಡಗಿಗೂ ಗೋವಿಂದನಿಗೂ ಜಗಳವಾಗಿತ್ತು. ಬಡಗಿ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಅವನ ತಲೆಗೆ ಹೊಡೆದ. ಆ ಗಲಾಟೆಯಲ್ಲಿ ಆಧಾರದ ಕಂಬ ಜಾರಿ ಮಂಜಿ ವಾಲಿತು. ಮೇಸ್ತ್ರಿಯನ್ನು ಬಿಟ್ಟರೆ ಕಂಡವರು ಯಾರೂ ಇಲ್ಲ. ಬಡಗಿ ತಪ್ಪೊಪ್ಪಿಕೊಳ್ಳುತ್ತಾನೆ ಎಂದು ಪೊಲೀಸರು ಅವನನ್ನು ಕರೆತಂದಿದ್ದರು.

ನಾನು ಆ ಕೋರ್ಟಿನ ತರ್ಜುಮೆದಾರ. ಮ್ಯಾಜಿಸ್ಟ್ರೇಟರು ತಂಜಾವೂರಿನ ಕಡೆಯವರು, ಸಜ್ಜನರು, ಕನ್ನಡ ಬಾರದು. ಇಂಥ ಹೇಳಿಕೆ ಬರೆದುಕೊಳ್ಳುವುದಕ್ಕೆ ಒಂದು ಕ್ರಮವಿದೆ. ಪೊಲೀಸರನ್ನು ಹೊರಗೆ ಕಳಿಸಬೇಕು, ಕೈಕೋಳ ಬಿಚ್ಚಿಸಬೇಕು, ಯೋಚಿಸಲು ಸಮಯ ಕೊಡಬೇಕು, ‘ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬರುತ್ತದೆ’ ಎಂದು ತಿಳಿಸಬೇಕು. ಅದೆಲ್ಲ ಲೋಪವಿಲ್ಲದೆ ನಡೆಯಿತು. ಕೊನೆಗೆ ಬಡಗಿ ಬಾಯಿ ಬಿಟ್ಟ. ನಲವತ್ತರ ಆಸುಪಾಸಿನ ಆಳು. ಕಣ್ಣು ನೆಲದ ಮೇಲೆ.

“ಹೇಳ್ತೆ ಒಡೆಯ. ಗುಜ್ಜ್ ಹೊಡ್ದೆ. ಕೊಡ್ತಿಯಂಗೆ ಹೊಡ್ದೆ, ಎರ್ಡ್ ಪೆಟ್ಟ್. ಗೋಯಿಂದ ಸತ್ತ. ನನ್ನ್ ಕೈಯಂಗೇ ಸತ್ತ.”

ಕೇಳಿದ್ದನ್ನು ಕೇಳಿದ ಹಾಗೆಯೇ ಪೆನ್ಸಿಲಿನಲ್ಲಿ ಒಂದು ಪುಸ್ತಕಕ್ಕೆ ಗೀಚಿಕೊಂಡು ಆಮೇಲೆ ಇಂಗ್ಲಿಷಿಗೆ ತಿರುಗಿಸುವುದು ನನ್ನ ರೂಢಿ. ‘ಐ ಸ್ಟ್ರಕ್ ದ ಡ್ವಾರ್ಫ್’, ಕುಳ್ಳನಿಗೆ ಹೊಡೆದೆ, ಎಂದೆ. ಮ್ಯಾಜಿಸ್ಟ್ರೇಟರು ಲೇಖನಿ ನಿಲ್ಲಿಸಿ, ಡ್ವಾರ್ಫ್ ಎಂದರೆ ಸತ್ತವನೇ ಅಲ್ಲವೇ, ಕೇಳಿ ಎಂದರು. ಕೇಳಬೇಕಾದದ್ದು ಬಡಗಿಯನ್ನು. ಹೊರಗೆ ಇನ್ನೆರಡು ಕೇಸುಗಳ ಜನ ಕಾಯುತ್ತಿದ್ದರು, ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಅದರಲ್ಲಿ ಕೇಳುವುದೇನು ಎನಿಸಿತು. “ಹೌದು ಸ್ವಾಮಿ, ಸತ್ತವನಿಗೆ ಊರವರು ಇಟ್ಟ ಹೆಸರೇ ಅದು” ಎಂದು ನಾನೇ ಉತ್ತರ ಕೊಟ್ಟೆ.

ಬರೆದದ್ದನ್ನು ಆರೋಪಿಗೆ ಅವನ ಭಾಷೆಯಲ್ಲಿ ಓದಿ ಹೇಳಬೇಕು. ಅದನ್ನೂ ಮಾಡಿದೆ. ಆದರೆ ಇಂಗ್ಲಿಷ್ ಕಾಗದವನ್ನು ನೋಡುತ್ತ ಗ್ರಾಂಥಿಕ ಕನ್ನಡದಲ್ಲಿ ಓದಿದೆ: ‘ಕುಬ್ಜನನ್ನು ಕೊಡತಿಯಿಂದ ಎರಡು ಬಾರಿ ಪ್ರಹರಿಸಿದೆನು.’ ಬಡಗಿ ನನ್ನ ಮುಖ ನೋಡಿದ. ಕೋರ್ಟಿನ ಮಾತು ಹೀಗೆಯೇ ಇರುತ್ತದೆ ಎಂದುಕೊಂಡನೋ ಏನೋ, “ಹೌದ್ ಒಡೆಯ” ಎಂದು ಹೆಬ್ಬೆಟ್ಟು ಒತ್ತಿದ. ಕೇಸು ಮಂಗಳೂರಿನ ಸೆಷನ್ಸ್ ಕೋರ್ಟಿಗೆ ಹೋಯಿತು. ಅವನು ಅಲ್ಲಿನ ಜೈಲಿಗೆ ಹೋದ. ನಾನು ಊಟಕ್ಕೆ ಹೋದೆ.

ಎರಡು ತಿಂಗಳ ಮೇಲೆ ನಮ್ಮ ಮನೆಯ ಹೆಂಚಿನ ಮಾಡಿನ ರಿಪೇರಿ ನಡೆಯಿತು. ಗೆದ್ದಲು ಹಿಡಿದ ಮರಗಳನ್ನು ತೆಗೆದು ಬೇರೆ ಹಾಕುತ್ತಿದ್ದರು. ನಾನು ಜಗಲಿಯಲ್ಲಿ ಕಾಗದ ಓದುತ್ತ ಕುಳಿತಿದ್ದೆ. ಮೇಲೆ ಕುಳಿತ ಬಡಗಿ ತನ್ನ ಜೊತೆಯವನಿಗೆ ಕೂಗಿದ: “ಹ್ವಾಯ್, ಆ ಗುಜ್ಜ್ ಹೊಡಿ. ಸಮ ಕೂತದ್ದಿಲ್ಲ ಅದ್.”

ಕಾಗದ ನನ್ನ ಕೈಯಲ್ಲೇ ಉಳಿಯಿತು. ಅಂಗಳಕ್ಕೆ ಇಳಿದು, “ಎಂತ ಹೊಡಿ ಅಂದ್ರಿ?” ಎಂದು ಕೇಳಿದೆ.

“ಗುಜ್ಜ್, ಕಾಣಿ,” ಎಂದು ಬಡಗಿ ತೊಲೆಯ ಮೇಲೆ ನಿಲ್ಲಿಸಿದ ಮೊಳ ಉದ್ದದ ಕಂಬವೊಂದನ್ನು ಕೊಡತಿಯಿಂದ ತಟ್ಟಿ ತೋರಿಸಿದ. “ಗಿಡ್ಡ್ ಕಂಬ ಅಲ್ದಾ, ಅದ್ಕೆ ಗುಜ್ಜ್. ನಿಮ್ಗೆ ಗೊತ್ತಿಲ್ಯಾ?”

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅದರ ಅಡಿಯಲ್ಲೇ ಮಲಗಿ ಎದ್ದವನಿಗೆ ಗೊತ್ತಿರಲಿಲ್ಲ.

ಪೆನ್ಸಿಲ್ ಪುಸ್ತಕ ಹುಡುಕಿ ತೆಗೆದೆ. ‘ಗುಜ್ಜ್ ಹೊಡ್ದೆ’ ಎಂದೇ ಇತ್ತು. ಬರೆದದ್ದು ನನ್ನದೇ ಕೈ. ನಮ್ಮ ಮಾತಿನಲ್ಲಿ ಕೊನೆಯ ಉಕಾರ ಉಳಿಯುವುದಿಲ್ಲ. ಕಂಬವಾದ ಗುಜ್ಜು ‘ಗುಜ್ಜ್’ ಆಗುತ್ತದೆ. ಆದರೆ ಮನುಷ್ಯನಿಗೆ ಹೊಡೆದಿದ್ದರೆ ಯಾರೂ ‘ಗುಜ್ಜ್ ಹೊಡ್ದೆ’ ಎನ್ನುವುದಿಲ್ಲ. ‘ಗುಜ್ಜನ್ನ ಹೊಡ್ದೆ’ ಎನ್ನಬೇಕು. ಮರ ಕಡಿದೆ, ಕಲ್ಲು ಹೊಡೆದೆ ಎನ್ನುತ್ತೇವೆ. ತಮ್ಮ ಹೊಡೆದ ಎಂದರೆ ಹೊಡೆದವನು ತಮ್ಮನಾಗುತ್ತಾನೆ. ಇದು ಅಕ್ಷರ ಬಾರದವರಿಗೂ ಗೊತ್ತಿರುವ ವ್ಯಾಕರಣ. ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದ ನನಗೆ ಮಾತ್ರ ಅದು ಕೇಳಿಸಿರಲಿಲ್ಲ.

ಮರುದಿನ ಹೆಡ್ ಗುಮಾಸ್ತರಿಗೆ ಪುಸ್ತಕ ತೋರಿಸಿದೆ. ಅವರು ನನ್ನ ತಂದೆಯ ವಯಸ್ಸಿನವರು, ನನಗೆ ಕೆಲಸ ಕಲಿಸಿದವರು. ಬಾಗಿಲು ಎಳೆದುಕೊಂಡು ಕುಳಿತರು.

“ಇದ್ ಯಾರಿಗ್ ತೋರ್ಸಿದ್ದಿ?”

“ಯಾರಿಗೂ ಇಲ್ಲ.”

“ಹಾಂಗಾರೆ ಒಲೆಗ್ ಹಾಕ್. ಇದ್ ರಿಕಾರ್ಡ್ ಅಲ್ಲ. ನೀ ಓದ್ ಹೇಳಿದ್ದಿ, ಅವ ಹೌದ್ ಅಂದಿದ್ದ, ಹೆಬ್ಬೆಟ್ಟ್ ಹಾಕಿದ್ದ. ಈಗ ತಪ್ಪ್ ಅಂದ್ರೆ ನಿನ್ನ್ ಕೆಲ್ಸ ಹೋತ್ತ್. ನೀ ಹಿಂದೆ ಮಾಡದ್ ತರ್ಜುಮೆ ಎಲ್ಲ ಸಂಶಯ ಆತ್ತ್. ಆ ಕೇಸಿನರೆಲ್ಲ ಬಾಗ್ಲಿಗ್ ಬತ್ರ್.”

“ಅವ್ನನ್ನ ಗಲ್ಲಿಗ್ ಹಾಕ್ರೆ?”

ಅವರು ಪುಸ್ತಕವನ್ನು ನನ್ನ ಕಡೆ ಸರಿಸಿದರು. “ಅವ ಕಂಬದ್ ಸುದ್ದಿಯೇ ಹೇಳ್ದ ಅಂದೇಳಿ ನಿಂಗ್ ಖಾತ್ರಿ ಇತ್ತಾ?” ಎಂದರು.

ಖಾತ್ರಿ ಇರಲಿಲ್ಲ. ಮನೆಯ ಮಾಡಿನ ಶಬ್ದ ಮಂಜಿಯ ಅಡಿಯಲ್ಲೂ ನಡೆಯುತ್ತದೆಯೇ ಎಂಬುದನ್ನೇ ನಾನು ತಿಳಿದಿರಲಿಲ್ಲ. ಮುಂದಿನ ಕೆಲವು ಭಾನುವಾರಗಳು ಈ ಒಂದು ಶಬ್ದದ ಹಿಂದೆ ಹೋದವು. ಹೊಳೆಯಾಚೆಯ ಆಳುಗಳನ್ನು ಕೇಳಿದರೆ ಮೇಸ್ತ್ರಿಯ ಕಡೆ ನೋಡಿ ಕೆಲಸಕ್ಕೆ ತಿರುಗಿದರು. ಮನೆಯಲ್ಲಿ ಅಮ್ಮನನ್ನು ಕೇಳಿದೆ. “ಎಳೆ ಹಲಸಿನ್ ಕಾಯಿಗ್ ಗುಜ್ಜೆ ಅಂಬ್ರಲ್ಲ, ಬೆಳೀದೆ ಸಣ್ಣಕ್ಕಿಪ್ದ್. ಅದ್ ಬಿಟ್ರೆ ಮನ್ಷರಿಗ್ ಅಂಬುದ್, ಪಾಪ,” ಎಂದಳು. ಕಂಬದ ವಿಷಯ ಅವಳಿಗೂ ತಿಳಿಯದು. ಬೈಂದೂರಿನ ಕಡೆಯ ಬಡಗಿಯೊಬ್ಬ ಮಾಡಿನ ಗುಜ್ಜು ಗೊತ್ತು, ಮಂಜಿಯದು ಗೊತ್ತಿಲ್ಲ ಎಂದ.

ಸಾಲಿಗ್ರಾಮದಲ್ಲಿ ಒಬ್ಬ ಪಂಡಿತರಿದ್ದರು. ಅವರು ಹಳೆಯ ನಿಘಂಟೊಂದನ್ನು ತೆಗೆದು ತೋರಿಸಿದರು. ಗುಜ್ಜು ಎಂಬುದಕ್ಕೆ ಕುಳ್ಳುತನ ಎಂಬ ಅರ್ಥವೂ ತೊಲೆಯ ಮೇಲಿನ ಗಿಡ್ಡ ಕಂಬ ಎಂಬ ಅರ್ಥವೂ ಒಂದೇ ಸಾಲಿನಲ್ಲಿದ್ದವು. ಅದರ ಮೂಲ ಸಂಸ್ಕೃತದ ಕುಬ್ಜ ಎಂಬುದು ಅವರ ಮತ. ಕುಬ್ಜ ಎಂದರೆ ಮೊದಲು ಬೆನ್ನು ಬಾಗಿದವನು. ಬಾಗಿದವನು ಗಿಡ್ಡ ಕಾಣುವುದರಿಂದ ಗಿಡ್ಡನಾದವನೂ ಕುಬ್ಜನಾದ. ಕನ್ನಡದ ಬಾಯಲ್ಲಿ ಗುಜ್ಜನಾದ. ಆಮೇಲೆ ಗಿಡ್ಡವಾದ ವಸ್ತುಗಳಿಗೂ ಹಬ್ಬಿತು.

“ಕಂಬ ಬಾಗಿರುವುದಿಲ್ಲವಲ್ಲ ಸ್ವಾಮಿ,” ಎಂದೆ.

“ಶಬ್ದಕ್ಕೆ ಹುಟ್ಟಿದ ಮನೆ ನೆನಪಿರುವುದಿಲ್ಲ,” ಎಂದರು. ಆಮೇಲೆ ಕನ್ನಡಕ ತೆಗೆದು, “ಇದು ಸಂಸ್ಕೃತದ್ದಲ್ಲ, ನಮ್ಮದೇ ಹಳೆಯ ಶಬ್ದ ಎನ್ನುವವರೂ ಇದ್ದಾರೆ. ನಿಮಗೆ ಯಾವುದು ಬೇಕು?” ಎಂದು ಕೇಳಿದರು.

ನಾನು ಆ ಬಡಗಿಗೆ ಓದಿ ಹೇಳಿದ ‘ಕುಬ್ಜ’ ಇದೇ ಶಬ್ದದ ಮೂಲವೆಂದು ಅಲ್ಲಿ ಕುಳಿತಾಗ ತಿಳಿಯಿತು. ಅವನು ತನ್ನ ಶಬ್ದ ಕೊಟ್ಟಿದ್ದ. ನಾನು ಅದರ ಅಜ್ಜನನ್ನು ತಂದು ಎದುರಿಗೆ ನಿಲ್ಲಿಸಿದ್ದೆ. ಅವನಿಗೆ ಗುರುತು ಸಿಕ್ಕಿರಲಿಲ್ಲ.

ಸಂಶಯ ಕಳೆದದ್ದು ಹಂಗಾರಕಟ್ಟೆಯಲ್ಲಿ. ಕೆಲಸ ಬಿಟ್ಟು ಮನೆಯಲ್ಲಿದ್ದ ಮಂಜಿ ಬಡಗಿಯೊಬ್ಬ, ಎಪ್ಪತ್ತು ದಾಟಿದವನು, ಅಂಗಳದಲ್ಲಿ ಕಡ್ಡಿ ನೆಟ್ಟು ತೋರಿಸಿದ. ಮಂಜಿಯ ಎರಡು ಬದಿಗೂ ಉದ್ದದ ಊರುಗೋಲುಗಳು; ಹೊಟ್ಟೆಯ ಅಡಿಗೆ ಗಿಡ್ಡ ಕಂಬಗಳು. ಆ ಗಿಡ್ಡ ಕಂಬ ಹಲಗೆಗೆ ಒತ್ತಿ ನಿಂತ ಜಾಗದಲ್ಲಿ ರಾಳ ಮೆತ್ತಲು ಆಗುವುದಿಲ್ಲ. ಅದಕ್ಕೆ ಒಂದೊಂದನ್ನೇ ಕೊಡತಿಯಿಂದ ಹೊಡೆದು ಪಕ್ಕಕ್ಕೆ ಸರಿಸಬೇಕು.

“ಅದ್ಕೆ ಎಂತ ಅಂಬ್ರ್?” ಎಂದೆ. ಹೆಸರನ್ನು ನಾನು ಮೊದಲು ಹೇಳಬಾರದೆಂದು ತೀರ್ಮಾನಿಸಿಕೊಂಡು ಹೋಗಿದ್ದೆ.

“ಗುಜ್ಜ್ ಹೊಡುದ್ ಅಂಬ್ರ್, ಮತ್ತೆಂತ?” ಎಂದ ಮುದುಕ. “ಆರೆ ಸುಮ್ನೆ ಹೊಡುಕಾಗ. ಅಡಿಯಂಗೆ ಆಳ್ ಇತ್ತಾ ಅಂದೇಳಿ ಮೇಸ್ತ್ರಿ ಕೂಗುಕ್. ಅಡಿಂದ ಜವಾಬ್ ಬಂದ್ರೆ ನಿಲ್ಸುಕ್, ಇಲ್ದಿರೆ ಬಗ್ಗಿ ಕಾಣುಕ್. ಮೇಸ್ತ್ರಿ ಹೊಡಿ ಅಂದ್ಮೇಲೇ ಹೊಡುದ್. ಹೊಡುವವ್ನಿಗ್ ಅಡಿ ಕಾಂಬುದಿಲ್ಲ.”

ಕೂಗಿ ಕೇಳದೆ ಹೊಡಿ ಎಂದಿದ್ದರೆ ತಪ್ಪು ಮೇಸ್ತ್ರಿಯದಾಗುತ್ತಿತ್ತು; ಅವನು ಯಾಕೆ ಹಾಗೆ ಹೇಳಿಕೆ ಕೊಟ್ಟ ಎಂಬುದು ಅಲ್ಲಿಗೆ ಅರ್ಥವಾಯಿತು. ಮಂಗಳೂರಿನಲ್ಲಿ ಬಡಗಿಗೆ ಸರಕಾರದಿಂದಲೇ ಒಬ್ಬ ವಕೀಲರನ್ನು ನೇಮಿಸಿದ್ದರು, ಕಿರಿಯರು. ಬಸ್ಸು, ಕಡವಿನಲ್ಲಿ ಹೊಳೆ ದಾಟುವ ದೋಣಿ, ಮತ್ತೆ ಬಸ್ಸು ಹಿಡಿದು ಅವರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಜೈಲಿಗೆ ಹೋಗಿ ಕೇಳಿ ಬಂದರು. ಬಡಗಿ ಆಶ್ಚರ್ಯಪಟ್ಟನಂತೆ: “ಗುಜ್ಜೇ ಹೊಡ್ದದ್ದ್ ಒಡೆಯ. ಮೇಸ್ತ್ರಿ ಹೊಡಿ ಅಂದ್ರ್, ಹೊಡ್ದೆ. ಗೋಯಿಂದ ಅಡಿಯಂಗ್ ಇಪ್ದ್ ಗೊತ್ತಿಲ್ಲ. ಹಿಂದಿನ್ ದಿನ ಜಗ್ಳ ಆದ್ದೂ ಹೌದ್. ಊರ್‍ಗೋಲ್ ಸಮ ಇಲ್ಲೆ, ಅಡಿಗ್ ಹೋಯ್ಬೇಡ ಅಂದೇಳಿ ಬೈದಿದ್ದೆ.” ಮೊದಲೇ ಯಾಕೆ ಹೇಳಲಿಲ್ಲ ಎಂದರೆ, “ಹೇಳಿದ್ನಲ್ಲ. ಮತ್ತೆ ಯಾರೂ ಕೇಣ್ಲಿಲ್ಲ,” ಎಂದನಂತೆ.

ವಕೀಲರು ನನಗೆ ನೇರವಾಗಿ ಹೇಳಿದರು: “ಇದನ್ನು ನಾನು ವಾದ ಮಾಡಿದರೆ ವಕೀಲನ ಜಾಣತನ ಅನ್ನುತ್ತಾರೆ. ತಪ್ಪು ಮಾಡಿದವರೇ ಬಂದು ಹೇಳಬೇಕು.”

ಮರಳುವ ದಾರಿಯುದ್ದಕ್ಕೂ ಹೆಡ್ ಗುಮಾಸ್ತರ ಮಾತು ತಲೆಯಲ್ಲಿತ್ತು. ಮನೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು; ರೇಷನ್ ಅಂಗಡಿಯಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದ ಕಾಲ. ಒಂದು ವಾರ ಏನೂ ಮಾಡಲಿಲ್ಲ. ಆ ವಾರ ಕೋರ್ಟಿನಲ್ಲಿ ಸಾಕ್ಷಿಯೊಬ್ಬಳ ಮಾತು ತರ್ಜುಮೆ ಮಾಡುವುದಿತ್ತು. ಅವಳು ಹೇಳಿದ್ದು ‘ಬಾವಿ ಕಟ್ಟೆ’ ಎಂದು, ಅಷ್ಟೆ. ನಾನು ಅವಳನ್ನು ಮೂರು ಸಲ ಕೇಳಿದೆ. ಅಂದು ಸಂಜೆ ಅರ್ಜಿ ಬರೆದೆ. ಆರೋಪಿಯ ಮಾತನ್ನು ತಪ್ಪಾಗಿ ತರ್ಜುಮೆ ಮಾಡಿದ್ದೇನೆ. ಮ್ಯಾಜಿಸ್ಟ್ರೇಟರು ಕೇಳಿದ ಪ್ರಶ್ನೆಯನ್ನು ಅವನಿಗೆ ಕೇಳದೆ ನಾನೇ ಉತ್ತರಿಸಿದ್ದೇನೆ. ಓದಿ ಹೇಳುವಾಗ ಅವನು ಆಡದ ಶಬ್ದ ಬಳಸಿದ್ದೇನೆ. ಮೂರು ವಾಕ್ಯ. ಮ್ಯಾಜಿಸ್ಟ್ರೇಟರು ಓದಿ, “ನೀವು ನನ್ನ ಕೈಯಿಂದಲೂ ತಪ್ಪು ಮಾಡಿಸಿದಿರಿ,” ಎಂದು ಇಂಗ್ಲಿಷಿನಲ್ಲಿ ಹೇಳಿ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಹದಿನೈದು ದಿನದಲ್ಲಿ ನನ್ನನ್ನು ಕೆಲಸದಿಂದ ಅಮಾನತು ಮಾಡಿದ ಆಜ್ಞೆ ಬಂತು.

ವಕೀಲರು ಇನ್ನೊಂದು ವಿಷಯ ತಿಳಿಯಬೇಕೆಂದಿದ್ದರು. ಬಡಗಿ ಸತ್ತವನನ್ನು ಏನೆಂದು ಕರೆಯುತ್ತಿದ್ದ? ಅದಕ್ಕಾಗಿ ಮರವಂತೆಗೆ ಹೋದೆ. ಗೋವಿಂದನ ಅಕ್ಕ, ಗಂಡ ಸತ್ತವಳು, ಕಡಲ ಬದಿಯ ಗುಡಿಸಲಿನಲ್ಲಿ ಒಬ್ಬಳೇ ಇದ್ದಳು. ತೆಂಗಿನ ಗರಿ ಹೆಣೆಯುತ್ತಿದ್ದ ಕೈ ನಿಲ್ಲಿಸದೆ ನನ್ನ ಮಾತು ಕೇಳಿದಳು.

“ಹಾಂಗಾರೆ ಕೋರ್ಟಂಗೆ ಬರ್ದದ್ದ್ ನೀವಾ?”

“ಹೌದ್.”

“ನನ್ನ್ ತಮ್ಮಂಗೆ ಗುಜ್ಜ ಅಂದೇಳಿ ಬರ್ದದ್ದೂ ನೀವೆಯಾ?”

ಅದನ್ನು ಬರೆದವರು ಪೊಲೀಸರು ಎಂದು ಹೇಳಬಹುದಿತ್ತು. ಹೇಳಲಿಲ್ಲ.

“ಹೆತ್ತ್ ಅಬ್ಬಿ ಇಟ್ಟದ್ದ್ ಗೋಯಿಂದ ಅಂದೇಳಿ,” ಎಂದಳು. “ಊರಂಗ್ ಯಾರೂ ಆ ಹೆಸ್ರ್ ಹೇಳ್ತಿರ್ಲಿಲ್ಲ. ಸಣ್ಣಕ್ಕಿಪ್ಪತ್ತಿಗೆ ಅವ ಆ ಹೆಸ್ರ್ ಕೇಂಡ್ ಮನಿಗ್ ಬಂದ್ ಕಣ್ಣೀರ್ ಹಾಕ್ಕಂಡ್ ಮರ್ಕುತಿದ್ದ. ಕಡೀಗ್ ಮರ್ಕುದೂ ಬಿಟ್ಟ. ಗೋಯಿಂದ ಅಂದೇಳಿ ಕರೀತಿದ್ದವ ಈಗ ಜೈಲಂಗ್ ಇಪ್ಪ ಆ ಆಚಾರಿ ಒಬ್ನೇ.”

ಕೋರ್ಟಿಗೆ ಬಂದು ಇದನ್ನು ಹೇಳುತ್ತೀರಾ ಎಂದೆ. “ಅವ್ನಿಗ್ ಉಪ್ಕಾರ ಮಾಡುಕ್ ಬತ್ತಿಲ್ಲ ನಾನ್. ಅವ್ನ್ ಪೆಟ್ಟಿಗೇ ನನ್ನ್ ತಮ್ಮ ಸತ್ತದ್ದ್,” ಎಂದು ಎದ್ದು ಒಳಗೆ ಹೋದಳು. ಬಾಗಿಲ ಹೊರಗೆ ನಾನು ತುಸು ಹೊತ್ತು ನಿಂತೆ. ಅವಳು ಮತ್ತೆ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ವಿಚಾರಣೆ ನಡೆಯಿತು. ಕಟಕಟೆಯಲ್ಲಿ ನಿಂತದ್ದು ನನಗೆ ಅದೇ ಮೊದಲು. ಆರೋಪದ ಕಡೆಯ ಸರಕಾರಿ ವಕೀಲರು ಪೆನ್ಸಿಲ್ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದರ ಮೇಲೆ ಯಾವ ಕೋರ್ಟಿನ ಮುದ್ರೆ ಇದೆ ಎಂದರು. ಯಾವುದೂ ಇರಲಿಲ್ಲ. ನಿಮ್ಮ ತಾಯಿಭಾಷೆ ಯಾವುದು ಎಂದರು. ಕನ್ನಡ ಎಂದೆ. ತಾಯಿಭಾಷೆಯ ಒಂದು ಶಬ್ದ ತಿಳಿಯಲು ಎರಡು ತಿಂಗಳು ಬೇಕಾಯಿತೇ? ಬೇಕಾಯಿತು ಎಂದೆ. ಸತ್ತವನ ಅಕ್ಕನ ಮನೆಗೆ ಹೋಗಿದ್ದಿರಾ? ಹೋಗಿದ್ದೆ. ಆಮೇಲೆ ಅವರು ಸರಿಯಾದ ಜಾಗಕ್ಕೇ ಕೈ ಹಾಕಿದರು.

“ಗುಜ್ಜನ್ ಹೊಡ್ದೆ ಎಂದು ಬೇಗ ಆಡಿದರೆ, ಆ ‘ನ್’ ನಿಮ್ಮ ಕಿವಿಗೆ ಬೀಳದೆ ಹೋಗಿರಬಹುದಲ್ಲವೇ?”

ಎಂಟು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾನೇ ನನಗೆ ಎಷ್ಟು ಸಲ ಕೇಳಿಕೊಂಡಿದ್ದೆನೋ. ಒಮ್ಮೆ ನನ್ನದೇ ಊಹೆಯನ್ನು ಅವನ ಬಾಯಿಗೆ ಹಾಕಿದ್ದವನು ನಾನು. ಇನ್ನೊಮ್ಮೆ ಹಾಕಲಾರೆ ಎನಿಸಿತು.

“ಹೋಗಿರಬಹುದು,” ಎಂದೆ.

ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡದ್ದು ಕಾಣಿಸಿತು. ಬಡಗಿ ನನ್ನನ್ನೇ ನೋಡುತ್ತಿದ್ದ. ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ, ಕೆಮ್ಮುತ್ತಿದ್ದ.

ವಕೀಲರು ಸಮನ್ಸ್ ಕಳಿಸಿದ್ದರೂ ಬರುತ್ತಾಳೆಂದು ನಾನು ನಂಬಿರಲಿಲ್ಲ; ಮರುದಿನ ಮಧ್ಯಾಹ್ನ ಗೋವಿಂದನ ಅಕ್ಕ ಬಂದಳು. ಮಳೆಯಲ್ಲಿ ಐದಾರು ಕಡವು ದಾಟಿ, ಒದ್ದೆ ಸೀರೆಯಲ್ಲೇ ಕಟಕಟೆ ಹತ್ತಿದಳು. ತಾನಾಗಿ ಏನೂ ಹೇಳಲಿಲ್ಲ. ಆರೋಪಿ ನಿನ್ನ ತಮ್ಮನನ್ನು ಏನೆಂದು ಕರೆಯುತ್ತಿದ್ದ ಎಂದು ವಕೀಲರು ಕೇಳಿದಾಗ, “ಗೋಯಿಂದ ಅಂದೇಳಿ,” ಎಂದಳು. ಗುಜ್ಜ ಎಂದದ್ದುಂಟೇ? “ಇಲ್ಲ. ಒಂದ್ ದಿನವೂ ಇಲ್ಲ.” ಸಿಟ್ಟು ಬಂದಾಗ? “ಸಿಟ್ಟ್ ಬಂದ್ರೆ ಯಾರ್ಯಾರೋ ಅಂತ್ರ್. ಇವ ಅಂಬುದಿಲ್ಲ.” ನ್ಯಾಯಾಧೀಶರು ನನ್ನ ಪುಸ್ತಕವನ್ನು ತರಿಸಿಕೊಂಡು ಆ ಪುಟವನ್ನು ತಮ್ಮ ತರ್ಜುಮೆದಾರನಿಂದ ಓದಿಸಿದರು. ‘ಗುಜ್ಜ್ ಹೊಡ್ದೆ. ಗೋಯಿಂದ ಸತ್ತ.’ ಒಂದೇ ಉಸಿರಿನಲ್ಲಿ ಎರಡು ಶಬ್ದ. ಹೊಡೆದದ್ದಕ್ಕೆ ಒಂದು, ಸತ್ತವನಿಗೆ ಇನ್ನೊಂದು. ಅವರು ತಲೆ ಎತ್ತಿ ಅಕ್ಕನನ್ನೊಮ್ಮೆ ನೋಡಿ ಏನೋ ಬರೆದುಕೊಂಡರು.

ಬಡಗಿ ಬಿಡುಗಡೆಯಾದ. ಮೇಸ್ತ್ರಿಯ ಮೇಲೆ ಯಾವ ಕ್ರಮವೂ ಆಗಲಿಲ್ಲ; ಅವನು ಕೂಗಿದ್ದನೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯಿರಲಿಲ್ಲ. ಆ ಮಂಜಿ ಎಂದೋ ನೀರಿಗಿಳಿದು ಸರಕು ಹೊತ್ತು ಹೋಗಿತ್ತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತರ್ಜುಮೆಯಿಂದ ತೆಗೆದು ಬೈಂದೂರಿನ ಕಡೆಯ ಒಂದು ಕಚೇರಿಗೆ ನಕಲು ಗುಮಾಸ್ತನಾಗಿ ಹಾಕಿದರು.

ತೀರ್ಪಿನ ಮರುದಿನ ಬಡಗಿಯೂ ನಾನೂ ಒಂದೇ ಬಸ್ಸಿನಲ್ಲಿ ಬಂದೆವು. ಕಡವುಗಳಲ್ಲಿ ದೋಣಿ ಹತ್ತುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕುಂದಾಪುರದಲ್ಲಿ ಇಳಿದ ಮೇಲೆ, “ಮರವಂತಿಗ್ ಬತ್ರಿಯಾ ಒಡೆಯ?” ಎಂದ. “ಅಕ್ಕಂಗ್ ತೀರ್ಪ್ ಓದಿ ಹೇಳುಕ್. ನಂಗ್ ಒಬ್ನಿಗೇ ಹೋಪುಕ್ ಧೈರ್ಯ ಇಲ್ಲ.”

ಹೋದೆವು. ಅವಳು ನಮಗೆ ಚಾಪೆ ಹಾಕಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನಾನು ತೀರ್ಪಿನ ನಕಲನ್ನು ತೆಗೆದು, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಅವರು ಆಡುವ ಮಾತಿನಲ್ಲೇ ಹೇಳಿದೆ. ತಿಳಿಯಿತೇ ಎಂದು ಪ್ರತಿ ಸಲ ಕೇಳಿದೆ. ಮುಗಿದಾಗ, “ಅಷ್ಟೆಯಾ?” ಎಂದಳು. ಅಷ್ಟೆ ಎಂದೆ.

ಬಡಗಿ ಅಂಗಳದ ಮರಳಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತಿದ್ದ. “ಬಿಟ್ರ್ ಅಕ್ಕ, ನನ್ನನ್ನ,” ಎಂದ. “ಆರೆ ಹೊಡ್ದದ್ದ್ ನಾನೇ ಅಲ್ದಾ.”

ಅವಳು ಅವನ ಕಡೆ ತಿರುಗಿದಳು.

“ಹೊಡ್ದದ್ದ್ ನೀನೇ,” ಎಂದಳು. “ಅವ್ನನ್ನಲ್ಲ.”